ಹೊನ್ನಪ್ಪನ ಕಿವಿ

ಹೊನ್ನಪ್ಪ ಕಿವುಡನಾಗಬೇಕು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದು ೨೦೦೬ರ ಆಗಸ್ಟ್ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಈ ಯೋಚನೆಯನ್ನು ಮನೆಯೊಳಗೆ ತಂದವನು ಅವನ ಹೆಂಡತಿ ಚನ್ನಮ್ಮನ ತಮ್ಮ ವಿಶ್ವನಾಥ. ಕೋಲ್ಕತ್ತಾದ ಬಿಬಿಡಿ ಬಾಗಿನ ಒಂದು ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಅಕ್ಕನ ಮನೆಯ ಊಟ ತಪ್ಪಿಸುವವನಲ್ಲ. ಬರಿಗೈಯಲ್ಲಿ ಬರುವವನೂ ಅಲ್ಲ, ಪ್ರತಿ ಸಲವೂ ಒಂದು ಉಪದೇಶ ಹಿಡಿದುಕೊಂಡೇ ಬರುತ್ತಿದ್ದ.

"ಭಾವಾರ, ನಿಮಗ ಐವತ್ತೈದು ತುಂಬೂದು ಯಾವಾಗ?" ಮೂರನೆಯ ಚಪಾತಿ ಮುರಿಯುತ್ತ ವಿಶ್ವನಾಥ ಕೇಳಿದ.

"ಡಿಸೆಂಬರ್ ಹತ್ತಕ್ಕ. ಯಾಕ?"

"ಹಂಗಾರ ನಾಕ ತಿಂಗಳ ಕೈಯಾಗ ಐತಿ. ನಮ್ಮ ಆಫೀಸಿಗೆ ಹೊಸಾ ಕಾಗದ ಬಂದೈತಿ. ಐವತ್ತೈದರೊಳಗ ಡಾಕ್ಟರ್ ಪರೀಕ್ಷಾದಾಗ ಫೇಲ್ ಆದವ್ರು ತಾವಾಗೇ ನೌಕರಿ ಬಿಟ್ರ, ಮಗನಿಗೆ ಅದ ಖಾತೆದಾಗ ಕೆಲಸ ಕೇಳಬಹುದು. ಒಂದ ದಿನ ದಾಟಿದ್ರೂ ಆಗಂಗಿಲ್ಲ."

"ನನಗೇನಾಗೈತಿ? ಕಲ್ಲಿನಂಗ ಅದೇನಿ."

"ಅದ ತ್ರಾಸ ಆಗಿದ್ದು. ಏನರೆ ಆಗಬೇಕು. ಕಣ್ಣು ಅಂದ್ರ ಮಶಿನ್ನಾಗ ಸಿಕ್ಕ ಬೀಳ್ತೀರಿ. ಸಕ್ಕರಿ ಅಂದ್ರ ರಕ್ತ ತಗೀತಾರ. ಕಿವಿ ಭಾಳ ಚಲೋ. ಕೇಳಸ್ತದೋ ಇಲ್ಲೋ ಅಂತ ಹೇಳಾವ್ರು ನೀವ. ಡಾಕ್ಟರ್ ನಿಮ್ಮ ಕಿವ್ಯಾಗ ಹೊಕ್ಕು ನೋಡ್ತಾನೇನು?"

ಹೊನ್ನಪ್ಪ ಪೊಟೋಲ್ ಕಾಯಿ ಪಲ್ಯದ ತುತ್ತನ್ನು ಬಾಯಿಗೆ ಒಯ್ಯದೆ ಹಾಗೆಯೇ ಹಿಡಿದುಕೊಂಡ. ಬೇರೆ ಯಾವ ಅಂಗವನ್ನು ಕೇಳಿದ್ದರೂ ಅವನು ಇಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಲೋಕಲ್ ರೈಲುಗಾಡಿಗಳ ಶೆಡ್ಡಿನಲ್ಲಿ ಅವನು ಮೂವತ್ತೊಂದು ವರ್ಷದಿಂದ ಟೆಕ್ನಿಷಿಯನ್. ಬ್ರೇಕು, ಸ್ಪ್ರಿಂಗು ಎಲ್ಲವನ್ನೂ ಬಲ್ಲ, ಆದರೆ ಶೆಡ್ಡಿನಲ್ಲಿ ಅವನ ಹೆಸರು ನಿಂತದ್ದು ಗಾಲಿಯ ಮೇಲೆ. ಉದ್ದ ಹಿಡಿಕೆಯ ಸುತ್ತಿಗೆಯಿಂದ ಒಂದೊಂದೇ ಗಾಲಿಯನ್ನು ಬಡಿಯುತ್ತ ಹೋಗುವುದು. ಗಟ್ಟಿ ಗಾಲಿ ಠಣ್ಣೆಂದು ತುಸು ಹೊತ್ತು ಗುಯ್‌ಗುಡುತ್ತದೆ. ಬಿರುಕು ಬಿಟ್ಟದ್ದು ಠಪ್ಪೆಂದು ಅಲ್ಲಿಗೇ ಸಾಯುತ್ತದೆ. ಹತ್ತಿರದ ಹಳಿಯ ಮೇಲೆ ಗಾಡಿ ಓಡುತ್ತಿದ್ದರೂ ಹೊನ್ನಪ್ಪನಿಗೆ ಆ ವ್ಯತ್ಯಾಸ ತಪ್ಪುತ್ತಿರಲಿಲ್ಲ.

ಇನ್ನು ರಜೆಯ ದಿನ ಅವನು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಕೋಲ್ಕತ್ತಾದಲ್ಲಿ ಹೆಣ್ಣುಮಗುವಿರುವ ಮನೆಯಲ್ಲೆಲ್ಲ ಒಂದು ಹಾರ್ಮೋನಿಯಂ ಇರುತ್ತದೆ. ಅದರ ಹಿತ್ತಾಳೆಯ ರೀಡುಗಳನ್ನು ಸಣ್ಣ ಅರದಿಂದ ಉಜ್ಜಿ ಉಜ್ಜಿ ಸ್ವರಕ್ಕೆ ತರುವುದು ಅವನ ಹುಚ್ಚು. ಧಾರವಾಡದ ಅವನ ಅಪ್ಪ ಭಜನಾಮೇಳದಲ್ಲಿ ಪೇಟಿ ಬಾರಿಸುತ್ತಿದ್ದ. ಮಗನಿಗೆ ಅಪ್ಪನಷ್ಟು ಚೆನ್ನಾಗಿ ಬಾರಿಸಲು ಬರಲಿಲ್ಲ, ಸ್ವರ ತಪ್ಪಿದ್ದು ಮಾತ್ರ ಬೇಗ ತಿಳಿಯುತ್ತಿತ್ತು.

"ಕಿವಿ ಬ್ಯಾಡ," ಎಂದ ಹೊನ್ನಪ್ಪ. "ಬ್ಯಾರೆ ಏನರೆ ಹೇಳು."

"ಬ್ಯಾರೆ ಏನ್ ಹೇಳೂದು?" ಚನ್ನಮ್ಮ ಸೌಟನ್ನು ಸಾರಿನ ಪಾತ್ರೆಯಲ್ಲಿ ಕುಕ್ಕಿದಳು. "ಕಾಲ ಮುರಕೋತೀರೇನು? ಅವಗ ಇಪ್ಪತ್ತೇಳಾತು. ಹುಬ್ಬಳ್ಳಿಂದ ಬಂದ ಮೂರೂ ಸಂಬಂಧ, ಹುಡುಗ ಏನ್ ಮಾಡ್ತಾನ ಅನ್ನೋತನಕ ಬಂದು ವಾಪಸ್ ಹೋದ್ವು. ಮೊಬೈಲ್ ಅಂಗಡ್ಯಾಗ ಸಿಮ್ ಮಾರ್ತಾನ ಅಂತ ಹೇಳ್ಲೇನು?"

ಮಗ ಬಸು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಡಿಪ್ಲೊಮಾ ಮೂರನೆಯ ವರ್ಷಕ್ಕೆ ನಿಂತಿತ್ತು. ಎರಡು ಕಂಪ್ಯೂಟರ್ ಕೋರ್ಸು ಮುಗಿಸಿದ್ದ, ಯಾವ ಕಂಪನಿಯೂ ಒಳಗೆ ಕರೆದಿರಲಿಲ್ಲ. ರೈಲ್ವೆ ಕಾಲೊನಿಯಲ್ಲಿ ಅವನ ಜೊತೆ ಕ್ರಿಕೆಟ್ ಆಡಿದವರೆಲ್ಲ ಸೆಕ್ಟರ್ ಫೈವಿನ ಕಂಪ್ಯೂಟರ್ ಕಂಪನಿಗಳಿಗೆ ಹೋಗುತ್ತಿದ್ದರು. ಕೊರಳಲ್ಲಿ ಕಂಪನಿಯ ಕಾರ್ಡು ನೇತುಹಾಕಿಕೊಂಡೇ ಇವನ ಅಂಗಡಿಗೆ ಬಂದು, "ಬಸು, ಐವತ್ತರ ಟಾಪ್‌ಅಪ್ ಹಾಕು," ಎನ್ನುತ್ತಿದ್ದರು. ಸ್ವಂತ ತಂಗಿ ಅಕ್ಷರಾಳಿಗೆ ಕಾಲ್ ಸೆಂಟರಿನಲ್ಲಿ ಕೆಲಸ ಸಿಕ್ಕಿ ವರ್ಷವಾಗಿತ್ತು. ಅವಳನ್ನು ಕರೆದೊಯ್ಯಲು ಬಾಗಿಲಿಗೇ ಸುಮೋ ಬರುತ್ತಿತ್ತು.

"ನಾ ಕಾಲಿಗೆ ಬೀಳಾಕೂ ತಯಾರ ಅದೇನಿ, ಅಪ್ಪಾ," ಎಂದ ಬಸು. ಕಣ್ಣಲ್ಲಿ ನಿಜಕ್ಕೂ ನೀರಿತ್ತು.

ಹೊನ್ನಪ್ಪ ತುತ್ತನ್ನು ಬಾಯಿಗೆ ಹಾಕಿಕೊಂಡ. ಆ ಮನೆಯಲ್ಲಿ ಅವನು ಊಟ ಮುಂದುವರಿಸಿದರೆ ಒಪ್ಪಿದ ಹಾಗೆ ಲೆಕ್ಕ.

ಮರುದಿನದಿಂದಲೇ ತಾಲೀಮು ಶುರುವಾಯಿತು. ಡಾಕ್ಟರುಗಳು ಬಲು ಖದೀಮರು, ಹಿಂದಿನಿಂದ ಪಿಸುಗುಟ್ಟುತ್ತಾರೆ, ನಾಣ್ಯ ಬೀಳಿಸುತ್ತಾರೆ, ತಿರುಗಿ ನೋಡಿದರೆ ಕೆಲಸ ಕೆಟ್ಟಂತೆ ಎಂದು ವಿಶ್ವನಾಥ ಎಚ್ಚರಿಸಿದ್ದ. ಅದಕ್ಕೆ ಮನೆಯೊಳಗೂ ಹೊನ್ನಪ್ಪ ಕಿವುಡನಾಗಿಯೇ ಇರಬೇಕು ಎಂದು ನಿಯಮವಾಯಿತು. ನಿಯಮ ನೋಡಿಕೊಳ್ಳುವ ಹೊಣೆಯನ್ನು ಅಕ್ಷರಾ ಹೊತ್ತಳು. ಕಾಲ್ ಸೆಂಟರಿನಲ್ಲಿ ಆರು ವಾರ ತರಬೇತಿ ಪಡೆದವಳು. ತಪ್ಪು ಮಾಡಿದವರನ್ನು ನಗುನಗುತ್ತ ಅವಮಾನಿಸುವುದು ಹೇಗೆ ಎಂದು ಅವಳಿಗೆ ಅಲ್ಲಿ ಚೆನ್ನಾಗಿ ಕಲಿಸಿದ್ದರು.

ಅವನು ಪೇಪರು ಓದುತ್ತಿರುವಾಗ ಹಿಂದೆ ಸ್ಟೀಲಿನ ತಟ್ಟೆ ಬೀಳುತ್ತಿತ್ತು. ಅವನು ಬೆಚ್ಚಿ ತಿರುಗುತ್ತಿದ್ದ.

"ಫೇಲ್!" ಎನ್ನುತ್ತಿದ್ದಳು ಅಕ್ಷರಾ. "ಅಪ್ಪಾ, ಪ್ಲೀಸ್, ಬಿ ಸೀರಿಯಸ್. ಇವತ್ತು ಸಂಜೆ ಚಹಾ ಕಟ್."

ಮೊದಲ ವಾರ ಎಲ್ಲರೂ ನಕ್ಕರು. ಹೊನ್ನಪ್ಪನೂ ನಕ್ಕ. ಎರಡನೆಯ ವಾರಕ್ಕೆ ಅವನು ಕುಕ್ಕರಿನ ಸೀಟಿಗೂ ಬಾಗಿಲ ಬೆಲ್ಲಿಗೂ ಅಲುಗದಂತಾದ. ಆಗ ಅಕ್ಷರಾ ಬೇರೆ ಉಪಾಯ ಹೂಡಿದಳು. ಒಂದು ದಿನ ಅವನ ಕುರ್ಚಿಯ ಹಿಂದೆ ನಿಂತು ಬಹಳ ಮೆಲ್ಲಗೆ, "ಅಪ್ಪಾ, ಪೇಟಿ ಬಾರಿಸ್ತೀಯಾ? ಸಣ್ಣಾಕಿ ಇದ್ದಾಗಿನಂಗ ನಾ ಹಾಡ್ತೀನಿ," ಎಂದಳು.

ಮಗಳು ಅಷ್ಟು ಪ್ರೀತಿಯಿಂದ ಮಾತಾಡಿ ಎಷ್ಟೋ ವರ್ಷವಾಗಿತ್ತು. ಹೊನ್ನಪ್ಪ ಖುಷಿಯಿಂದ ಥಟ್ಟನೆ ತಿರುಗಿದ.

"ಫೇಲ್! ಫೇಲ್! ಅಮ್ಮಾ, ನೋಡು, ಇಷ್ಟು ಈಸಿಯಾಗಿ ಸಿಕ್ಕಿಬಿದ್ರು."

ಆ ದಿನ ಅವನಿಗೆ ಚಹಾ ಇಲ್ಲದ್ದು ದೊಡ್ಡದೆನಿಸಲಿಲ್ಲ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಊಟಕ್ಕೆ ಕರೆಯುವ ಕ್ರಮವೂ ಬದಲಾಯಿತು. ಚನ್ನಮ್ಮ ಅಡುಗೆಮನೆಯಿಂದ, "ಬರ್ರಿ ಊಟಕ್ಕ," ಎಂದು ಕೂಗುತ್ತಿದ್ದಳು. ಅವನು ಎದ್ದು ಬಂದರೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. "ಹೆಂಗ ಕೇಳಿಸ್ತು? ಹೋಗಿ ಕುಂದರ್ರಿ." ಯಾರಾದರೂ ಹೋಗಿ ಭುಜ ಮುಟ್ಟಿದ ಮೇಲೆಯೇ ಅವನು ಏಳಬೇಕು. ಒಂದು ಸಂಜೆ ಭುಜ ಮುಟ್ಟುವುದನ್ನು ಎಲ್ಲರೂ ಮರೆತರು. ಚನ್ನಮ್ಮ ಬಸು ಹೋಗಿ ಮುಟ್ಟಿರಬೇಕೆಂದುಕೊಂಡಳು, ಬಸು ಅಕ್ಷರಾ ಮುಟ್ಟಿರಬೇಕೆಂದುಕೊಂಡ. ಹೊನ್ನಪ್ಪ ವರಾಂಡದಲ್ಲಿ ಕುಳಿತು ಅವರ ತಟ್ಟೆಗಳ ಸದ್ದನ್ನೂ, ಆಮೇಲೆ ಪಾತ್ರೆ ತೊಳೆಯುವ ಸದ್ದನ್ನೂ ಕೇಳಿದ. ಕೊನೆಗೆ ಡಬ್ಬಿಯಿಂದ ಒಂದು ಮುಷ್ಟಿ ಚುರುಮರಿ ತೆಗೆದುಕೊಂಡು ತಿಂದು ಮಲಗಿದ. ಬೆಳಿಗ್ಗೆ ಗೊತ್ತಾದಾಗ ಚನ್ನಮ್ಮನಿಗೆ ಪಾಪ ಅನ್ನಿಸದಿರಲಿಲ್ಲ.

"ಆದ್ರೂ ನೋಡು, ತಿರುಗಲಿಲ್ಲ, ಬರಲಿಲ್ಲ. ಕಲ್ಯಾಕತ್ತಾರ," ಎಂದು ಅವಳು ಮಗನಿಗೆ ಹೇಳಿದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಸೆಪ್ಟೆಂಬರ್ ಬಂದಿತು. ದುರ್ಗಾಪೂಜೆಗೆ ಮೊದಲು ಹಾರ್ಮೋನಿಯಂಗಳು ಹೊನ್ನಪ್ಪನ ಮನೆಗೆ ಬರುವ ಕಾಲ. ಪೂಜೆಯ ಪೆಂಡಾಲಿನಲ್ಲಿ ಹಾಡುವ ಹುಡುಗಿಯರ ತಾಯಂದಿರು ರಿಕ್ಷಾದಲ್ಲಿಟ್ಟುಕೊಂಡು ತರುತ್ತಿದ್ದರು. ಈ ಸಲ ಚನ್ನಮ್ಮ ಬಾಗಿಲಲ್ಲೇ ನಿಂತು ಎಲ್ಲರನ್ನೂ ವಾಪಸ್ ಕಳಿಸಿದಳು. ಅವಳ ಹಿಂದಿ ಬಂಗಾಳಿ ಬೆರೆತ ಭಾಷೆಯಲ್ಲಿ, ಅವರಿಗೆ ಕಿವಿ ಹೋಗಿದೆ, ಏನೂ ಕೇಳಿಸುವುದಿಲ್ಲ ಎಂದಳು. ಸಂಗೀತ ಕಲಿಸುವ ಮುದುಕಿ ಅಲೋಕಾದಿ ಇಪ್ಪತ್ತು ವರ್ಷದಿಂದ ತನ್ನ ಪೇಟಿಯನ್ನು ಬೇರೆ ಯಾರ ಕೈಗೂ ಕೊಟ್ಟವಳಲ್ಲ. ಅವಳು ಒಳಗೇ ನುಗ್ಗಿ ಬಂದು ಹೊನ್ನಪ್ಪನ ಎರಡೂ ಕಿವಿಗಳ ಮೇಲೆ ಕೈಯಿಟ್ಟು, "ಆಹಾ ರೇ," ಎಂದು ಅತ್ತುಬಿಟ್ಟಳು. ಹೊನ್ನಪ್ಪ ಬೆಪ್ಪನಂತೆ ಅವಳ ಬಾಯಿಯನ್ನೇ ನೋಡುತ್ತ ನಿಂತ. ಒಳಗಿನಿಂದ ಅಕ್ಷರಾ ಹೆಬ್ಬೆರಳೆತ್ತಿ ತೋರಿಸಿದಳು.

ಪೂಜೆ ಮುಗಿದ ವಾರ ಅವನು ಶೆಡ್ಡಿನಿಂದ ಬಂದು ನೋಡಿದರೆ ಮಂಚದ ಕೆಳಗಿನ ರೀಡಿನ ಪೆಟ್ಟಿಗೆ ಇರಲಿಲ್ಲ. ಅರಗಳು, ಚಿಮುಟ, ಅಪ್ಪನ ಕಾಲದ ಎರಡು ಜೊತೆ ಹಿತ್ತಾಳೆ ರೀಡು, ಯಾವುದೂ ಇಲ್ಲ.

"ನನ್ನ ಪೆಟಗಿ ಎಲ್ಲಿ?"

"ಮಾರಿದೆ," ಎಂದ ಬಸು. ಆಮೇಲೆ ನೆನಪಾಗಿ ಕೈಸನ್ನೆ ಮಾಡಿ ತೋರಿಸಿದ. "ಯಾರರೆ ಎನ್ಕ್ವಾಯರಿಗೆ ಬಂದು ನೋಡಿದ್ರ? ಕಿವುಡನ ಮನ್ಯಾಗ ಪೇಟಿ ರಿಪೇರಿ ಸಾಮಾನ ಯಾಕ ಅಂತ ಕೇಳಿದ್ರ?"

"ನಮ್ಮಪ್ಪನ ರೀಡು ಇದ್ವು ಅದರಾಗ."

"ನಿಮ್ಮಪ್ಪ ನಿನಗ ರೀಡು ಕೊಟ್ಟ. ನನ್ನಪ್ಪ ನನಗ ಏನ್ ಕೊಟ್ಟಾನ?"

ಚನ್ನಮ್ಮ ಮಗನನ್ನು ಗದರಿದಳು. ಗದರಿದ್ದು ಮಾತಿಗಲ್ಲ, ದನಿಗೆ. ಕಿಟಕಿ ತೆರೆದಿದೆ, ಪಕ್ಕದ ಮನೆಯವರಿಗೆ ಕೇಳಿಸುತ್ತದೆ ಎಂದು.

ಶೆಡ್ಡಿನಲ್ಲಿಯೂ ಹೊನ್ನಪ್ಪ ತನ್ನ ಪಾತ್ರ ನಡೆಸಿಕೊಂಡು ಬಂದಿದ್ದ. ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಒಂದೊಂದು ಹೊತ್ತು ಏನೂ ಕೇಳಿಸುವುದಿಲ್ಲ ಎಂದು ಫೋರ್‌ಮನ್ನಿಗೆ ಬರೆದುಕೊಟ್ಟಿದ್ದ. ನವೆಂಬರಿನಲ್ಲಿ ಪರೀಕ್ಷೆ ಎಂದು ದಿನ ಗೊತ್ತಾಗಿತ್ತು. ಅಲ್ಲಿಯವರೆಗೆ ಅವನ ಜೊತೆ ಶಿಬು ಮಂಡಲ್ ಎಂಬ ಇನ್ನೊಬ್ಬ ಟೆಕ್ನಿಷಿಯನ್‌ನನ್ನು ಹಾಕಿದರು. ಹೊನ್ನಪ್ಪ ಬಡಿಯಬೇಕು, ಶಿಬು ಕೇಳಬೇಕು. ಶಿಬು ಒಳ್ಳೆಯ ಹುಡುಗ, ಆದರೆ ಅವನ ಕಿವಿ ಫುಟ್‌ಬಾಲ್ ಕಾಮೆಂಟರಿಗಷ್ಟೇ ಸರಿ.

ಕಾಳಿಪೂಜೆಗೆ ಎರಡು ದಿನ ಇರುವಾಗ, ಬೆಳಗಿನ ಪಾಳಿಯಲ್ಲಿ ಅದು ಆಯಿತು. ಎಂಟೂ ಹತ್ತಕ್ಕೆ ಹೊರಡುವ ಗಾಡಿ. ಜನ ಬಾಗಿಲಿಗೆ ಜೋತುಬಿದ್ದು ಹೋಗುವಂಥದ್ದು. ಮೂರನೆಯ ಡಬ್ಬಿಯ ಒಂದು ಗಾಲಿಯನ್ನು ಹೊನ್ನಪ್ಪ ಬಡಿದ. ಠಪ್.

ಶಿಬುವಿನ ಮುಖ ನೋಡಿದ. ಶಿಬು ಆಕಳಿಸುತ್ತಿದ್ದ. ಹೊನ್ನಪ್ಪ ಮುಂದಿನ ಗಾಲಿ ಬಡಿದ, ಅದರ ಮುಂದಿನದನ್ನೂ ಬಡಿದ. ನಾಲ್ಕು ಗಾಲಿ ದಾಟಿದ ಮೇಲೆ ಅವನು ನಿಂತುಬಿಟ್ಟ. ಸುತ್ತಿಗೆ ಕೆಳಗಿಟ್ಟು ವಾಪಸ್ ಬಂದು ಮಂಡಿಯೂರಿದ. ಟಾರ್ಚಿನ ಬೆಳಕು ಬಿಟ್ಟು, ಬಟ್ಟೆಯಿಂದ ಎಣ್ಣೆಜಿಡ್ಡು ಒರೆಸಿ ಹುಡುಕಿದ. ಕೂದಲೆಳೆಯಷ್ಟು ತೆಳ್ಳಗೆ ಒಂದು ತುಕ್ಕಿನ ಗೆರೆ ಸಿಕ್ಕಿತು.

"ಶಿಬು, ಇಲ್ಲಿ ನೋಡು. ಬಿರುಕು."

ಶಿಬು ಬಗ್ಗಿ ನೋಡಿ, ಹೊನ್ನಪ್ಪನ ಮುಖವನ್ನೂ ನೋಡಿದ. "ಹೊನ್ನಾದಾ, ನಿಮಗೆ ಕೇಳಿಸಿತೇ?"

"ಏನು?"

"ಕೇಳಿಸಿತೇ ಅಂದೆ!"

"ಇಲ್ಲ. ಕಣ್ಣಿಗೆ ಬಿತ್ತು."

"ನಾಲ್ಕು ಗಾಲಿ ಮುಂದೆ ಹೋದ ಮೇಲೆ, ಬೆನ್ನಿನ ಕಡೆಯಿಂದ ಕಣ್ಣಿಗೆ ಬಿತ್ತು," ಎಂದು ಶಿಬು ಮೆಲ್ಲಗೆ ಹೇಳಿ ನಕ್ಕ. ಮತ್ತೇನೂ ಕೇಳಲಿಲ್ಲ.

ಗಾಡಿಯನ್ನು ತಡೆದು ಬೇರೆ ಗಾಡಿ ಬಿಟ್ಟರು. ಫೋರ್‌ಮನ್ ಹೊನ್ನಪ್ಪನ ಬೆನ್ನು ತಟ್ಟಿ, ನಿನ್ನ ಹೆಸರು ಬಹುಮಾನಕ್ಕೆ ಬರೆಯುತ್ತೇನೆ ಎಂದು ಕಾಗದದ ಮೇಲೆ ಬರೆದು ತೋರಿಸಿದ. ಹೊನ್ನಪ್ಪ ದಾರಿಯಲ್ಲಿ ಅರ್ಧ ಕಿಲೋ ಸಂದೇಶ್ ಮಿಠಾಯಿ ಕಟ್ಟಿಸಿಕೊಂಡು ಮನೆಗೆ ಬಂದ. ಎರಡೂವರೆ ತಿಂಗಳಲ್ಲಿ ಅವನು ಸಂತೋಷದಿಂದ ಮನೆಗೆ ಬಂದದ್ದು ಅದೊಂದೇ ದಿನ. ಭಾನುವಾರ ಅಲ್ಲದಿದ್ದರೂ ವಿಶ್ವನಾಥ ಬಂದು ಕುಳಿತಿದ್ದ. ಎಲ್ಲರೆದುರು ಹೊನ್ನಪ್ಪ ನಡೆದದ್ದನ್ನು ಹೇಳಿದ.

ವಿಶ್ವನಾಥ ಕೈಯಲ್ಲಿದ್ದ ಸಂದೇಶ್ ತುಣುಕನ್ನು ಪೆಟ್ಟಿಗೆಗೆ ವಾಪಸ್ ಹಾಕಿದ. "ಭಾವಾರ, ನೀವು ಮನಿ ಮುಣುಗಿಸಿದ್ರಿ. ಗಾಲಿ ಬಿರುಕು ಹಿಡದ ಅಂತ ಫೈಲಿನ್ಯಾಗ ಬರದ ಮ್ಯಾಲೆ, ಮುಂದಿನ ತಿಂಗಳ ಅದ ಮನಷಾ ಕಿವುಡ ಅಂದ್ರ ಯಾರು ನಂಬ್ತಾರ?"

"ಕಣ್ಣಿಗೆ ಬಿತ್ತು ಅಂತ ಹೇಳೇನಿ."

"ಯಾಕ ಹಿಡಿಬೇಕಿತ್ತು?" ಬಸು ಎದ್ದು ನಿಂತಿದ್ದ. "ಮುಂದಿನ ಪಾಳ್ಯಾವ್ರು ಹಿಡೀತಿದ್ರು!"

"ಮುಂದಿನ ಪಾಳಿ ಅನ್ನೂದ್ರಾಗ ಗಾಡಿ ಹೋಗ್ತಿತ್ತು."

"ಹೋಗ್ಲಿ," ಎಂದಳು ಚನ್ನಮ್ಮ. "ಆ ಗಾಡ್ಯಾಗ ನಿಮ್ಮ ಮಗ ಇದ್ನೇನು?"

"ಸಾವಿರ ಮಂದಿ ಇದ್ರು."

"ಆ ಸಾವಿರ ಮಂದ್ಯಾಗ ಒಬ್ಬರೆ ಬಂದು ನನ್ನ ಬಸುಗ ನೌಕರಿ ಕೊಡಸ್ತಾರೇನು? ಹೇಳ್ರಿ. ಒಬ್ಬರೆ?"

ಹೊನ್ನಪ್ಪ ಅಕ್ಷರಾಳ ಕಡೆ ನೋಡಿದ. ಅವಳು ಮೊಬೈಲಿನಲ್ಲಿ ಮೆಸೇಜು ಒತ್ತುತ್ತಿದ್ದಳು. ಯಾರೂ ಸಂದೇಶ್ ಮುಟ್ಟಲಿಲ್ಲ. ಮರುದಿನ ಅದಕ್ಕೆ ಇರುವೆ ಹತ್ತಿ, ಚನ್ನಮ್ಮ ಪೆಟ್ಟಿಗೆಸಮೇತ ಹೊರಗೆ ಎಸೆದಳು.

ವಿಶ್ವನಾಥ ಹೇಳಿಕೊಟ್ಟಂತೆ ಹೊನ್ನಪ್ಪ ಫೋರ್‌ಮನ್ನಿನ ಬಳಿ ಹೋಗಿ, ಬಿರುಕು ಹಿಡಿದವನು ಶಿಬು, ನಾನು ಟಾರ್ಚು ಹಿಡಿದೆ ಅಷ್ಟೆ ಎಂದ. ಶಿಬುವಿಗೆ ಪ್ರಶಸ್ತಿಪತ್ರ ಬಂತು. ಕೊರಳಿಗೆ ಹಾರ ಬಿದ್ದಾಗ ಶಿಬು ನಾಚಿಕೆಯಿಂದ ಹೊನ್ನಪ್ಪನ ಕಡೆ ನೋಡಲೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊನ್ನಪ್ಪ ಎಲ್ಲರೂ ತಟ್ಟುವುದನ್ನು ನೋಡಿದ ಮೇಲೆ, ತುಸು ತಡವಾಗಿ ತಟ್ಟಿದ. ಕಿವುಡರು ಹಾಗೆಯೇ ಮಾಡುತ್ತಾರೆ ಎಂದು ಅಕ್ಷರಾ ಕಲಿಸಿದ್ದಳು.

ಅಲ್ಲಿಂದಾಚೆ ಹೊನ್ನಪ್ಪ ಮನೆಯಲ್ಲಿ ಒಂದೇ ಒಂದು ಸಲವೂ ಫೇಲಾಗಲಿಲ್ಲ. ತಟ್ಟೆ ಬಿದ್ದರೂ, ಹಿಂದೆ ಬೈದರೂ ಕತ್ತು ಅಲುಗದು. ಮನೆಯವರಿಗೆ ಎಷ್ಟು ರೂಢಿಯಾಯಿತೆಂದರೆ, ಅವನ ಎದುರಿಗೇ ಅವನ ವಿಷಯ ಮಾತಾಡತೊಡಗಿದರು. ಮೊದಮೊದಲು ದನಿ ತಗ್ಗಿಸುತ್ತಿದ್ದರು. ಆಮೇಲೆ ಅದೂ ನಿಂತಿತು.

ನವೆಂಬರಿನ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕುಳಿತಿದ್ದರು. ಹೊನ್ನಪ್ಪನೂ ಅಲ್ಲೇ, ವಿಶ್ವನಾಥನ ಪಕ್ಕದಲ್ಲಿ.

"ಕ್ವಾರ್ಟರ್ಸು ಬಸುನ ಹೆಸರಿಗೆ ಆದ ಮ್ಯಾಲೆ ಹೆಂಗ ಮಾಡ್ತೀ ಅಕ್ಕಾ?" ಎಂದ ವಿಶ್ವನಾಥ. "ಎರಡ ಖೋಲಿ. ಸೊಸಿ ಬರ್ತಾಳ."

"ಒಂದು ಅವರಿಗೆ. ಒಂದ್ರಾಗ ನಾನೂ ಅಕ್ಷರಾನೂ."

"ಭಾವಾರು?"

"ವರಾಂಡಕ್ಕ ತಾಡಪತ್ರಿ ಕಟ್ಟಿದ್ರ ಆತು. ಮಳಿಗಾಲದಾಗ ಧಾರವಾಡಕ್ಕ ಅವರ ಅಣ್ಣನ ಕಡೆ ಕಳಿಸಿದ್ರ ಆತು."

"ಅಲ್ಲಿ ಇಟಗೊಂಡ್ರ ಚಲೋನ. ಇಲ್ಲಿದ್ದು ಏನ್ ಮಾಡ್ತಾರ ಕೆಲಸಿಲ್ಲದ?"

"ಗಾಲಿ ಬಡಿಯೂದು ಕಲಿ ಅಂತ ನನ್ನ ತಲಿ ತಿಂತಾನ," ಎಂದು ಬಸು ನಕ್ಕ. "ಮೊನ್ನೆ ಚಮಚಾ ಹಿಡಕೊಂಡು ತಂಬಿಗಿ ಬಡದು ತೋರಸಾಕ ಬಂದಿದ್ದ."

"ಕಲತ್ರ ತಪ್ಪೇನು? ಅದ ಶೆಡ್ಡಿನ್ಯಾಗ ಹೆಲ್ಪರ್ ಆಗಿ ಹಾಕ್ತಾರ ನಿನ್ನ," ಎಂದ ವಿಶ್ವನಾಥ.

"ಮಾಮಾ, ಒಂದೊಂದ ಗಾಲಿ ಬಡಕೋತ ಯಾವ ಗುಲಾಮ ಹೋಗ್ತಾನ? ಬಡದೇನಿ ಅಂತ ರಿಜಿಸ್ಟರಿನ್ಯಾಗ ಬರದ್ರ ಮುಗೀತು. ಗಾಡಿ ತಾವ ಓಡ್ತಾವ."

ಅಕ್ಷರಾ ಒಮ್ಮೆ ಅಪ್ಪನ ಕಡೆ ನೋಡಿದಳು. "ಅಮ್ಮಾ, ಅಪ್ಪ ಇಲ್ಲೇ ಕೂತಿದಾರೆ."

"ಇರ್ಲಿ ಬಿಡು, ಅವರಿಗೇನ್ ಕೇಳಸ್ತದ?" ಎಂದಳು ಚನ್ನಮ್ಮ.

ಅವಳು ತಮಾಷೆಗೆ ಹೇಳಿದ್ದಲ್ಲ. ಆ ಗಳಿಗೆಯಲ್ಲಿ ಅವಳು ನಿಜಕ್ಕೂ ಮರೆತಿದ್ದಳು. ಹೊನ್ನಪ್ಪ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡು, ಕೈ ತೊಳೆದು ಎದ್ದ. ತಾಡಪತ್ರಿಯ ಮಾತಿಗೆ ಅವನಿಗೆ ಸಂಕಟವಾಗಿತ್ತು. ರಿಜಿಸ್ಟರಿನ ಮಾತಿಗೆ ಮಾತ್ರ ಅವನಿಗೆ ಹೆದರಿಕೆಯಾಯಿತು.

ಪರೀಕ್ಷೆ ನವೆಂಬರ್ ಇಪ್ಪತ್ತೆರಡರಂದು. ಬಸು, ವಿಶ್ವನಾಥ ಇಬ್ಬರೂ ರಜೆ ಹಾಕಿ ಆಸ್ಪತ್ರೆಗೆ ಬಂದಿದ್ದರು. ಡಾಕ್ಟರ್ ಅಹಲ್ಯಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಸಮಾಧಾನದಿಂದ ಎಲ್ಲವನ್ನೂ ನೋಡಿದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕೆಂದು ಸನ್ನೆ ಮಾಡಿದಳು. ಇಬ್ಬನಿ ಬಿದ್ದಷ್ಟು ಮೆಲ್ಲನೆಯ ಸದ್ದೂ ಹೊನ್ನಪ್ಪನಿಗೆ ಕೇಳಿಸಿತು. ತಲೆ ಸಿಡಿಯುವಂಥವಕ್ಕೆ ಮಾತ್ರ ಅವನು ಗುಂಡಿ ಒತ್ತಿದ. ಹೊರಗೆ ಬಂದು ಕುಳಿತಾಗ ಡಾಕ್ಟರು ಅವನ ಬೆನ್ನ ಹಿಂದಿನಿಂದ ನರ್ಸಿಗೆ ಸಹಜವಾಗಿ, "ಇವರ ಅಂಗಿಯ ಮೇಲೆ ಹುಳು ಹರಿಯುತ್ತಿದೆ ನೋಡಿ," ಎಂದಳು. ಹೊನ್ನಪ್ಪನ ಕೈ ತೊಡೆಯ ಮೇಲೆಯೇ ಇತ್ತು.

ಒಂದು ವಾರಕ್ಕೆ ಕಾಗದ ಬಂತು. ಗಾಲಿ, ಬ್ರೇಕು, ಗಾಡಿಯ ಸುರಕ್ಷತೆಗೆ ಸಂಬಂಧಿಸಿದ ಯಾವ ಕೆಲಸಕ್ಕೂ ಹೊನ್ನಪ್ಪ ಯೋಗ್ಯನಲ್ಲ. ಚನ್ನಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಗೋಧಿ ಹುಗ್ಗಿ ಮಾಡಿದಳು. ಬಸು ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹುಬ್ಬಳ್ಳಿಗೆ ಫೋನು ಹೋಯಿತು: ಹುಡುಗನಿಗೆ ಕೇಂದ್ರ ಸರ್ಕಾರದ ನೌಕರಿ ಆದಂತೆಯೇ, ಫೋಟೋ ಕಳಿಸಿರಿ.

ಉಳಿದದ್ದು ಒಂದೇ ಸಹಿ. ಡಿಸೆಂಬರ್ ನಾಲ್ಕರಂದು ಕಚೇರಿಯಲ್ಲಿ ಒಂದು ಫಾರಂ ತುಂಬಬೇಕು. ಅದರಲ್ಲಿ ಎರಡು ಚೌಕ. ಮೊದಲನೆಯದಕ್ಕೆ ಗುರುತು ಹಾಕಿದರೆ ನೌಕರಿ ಬಿಟ್ಟು, ಮಗನಿಗೆ ಕೆಲಸ ಕೋರಿದಂತೆ. ಎರಡನೆಯದಕ್ಕೆ ಹಾಕಿದರೆ ಅದೇ ಸಂಬಳದ ಮೇಲೆ ಬದಲಿ ಕೆಲಸ ಒಪ್ಪಿಕೊಂಡು ಅರವತ್ತರವರೆಗೆ ಇದ್ದಂತೆ. ಮೂರು ದಿನ ಬಸು ಒಂದು ಹಾಳೆಯ ಮೇಲೆ ಎರಡು ಚೌಕ ಬರೆದು, ಮೊದಲನೆಯದರ ಮೇಲೆ ಬೆರಳಿಟ್ಟು ತೋರಿಸಿದ. ಹೊನ್ನಪ್ಪ ಪ್ರತಿ ಸಲವೂ ತಲೆಯಾಡಿಸಿದ.

ಫಾರಂ ತುಂಬುವಾಗ ನೌಕರ ಒಬ್ಬನೇ ಒಳಗಿರಬೇಕು, ಯಾರೂ ಒತ್ತಾಯ ಮಾಡಬಾರದು ಎಂಬುದು ನಿಯಮ. ಬಸುವೂ ವಿಶ್ವನಾಥನೂ ಹೊರಗಿನ ಬೆಂಚಿನ ಮೇಲೆ ಕುಳಿತರು. ಒಳಗೆ ಗುಮಾಸ್ತೆ ಹೊನ್ನಪ್ಪನ ಮುಂದೆ ಪೆನ್ನಿಟ್ಟಳು. ಅವನು ಎರಡನೆಯ ಚೌಕಕ್ಕೆ ಗುರುತು ಹಾಕಿ, ಕೆಳಗೆ ದುಂಡಗೆ ಸಹಿ ಮಾಡಿದ. ಅವಳು ತಪ್ಪಾಯಿತೇನೋ ಎಂದು ಫಾರಂ ತಿರುಗಿಸಿ, ಎರಡೂ ಚೌಕಗಳ ಅರ್ಥವನ್ನು ಒಂದು ಚೀಟಿಯ ಮೇಲೆ ಹಿಂದಿಯಲ್ಲಿ ಬರೆದು ತೋರಿಸಿದಳು. ಹೊನ್ನಪ್ಪ ಓದಿ, ಮತ್ತೆ ಎರಡನೆಯದರ ಮೇಲೇ ಬೆರಳಿಟ್ಟ. ಅವಳು ಮೊಹರು ಒತ್ತಿದಳು.

ವಿಶ್ವನಾಥನಿಗೆ ಫೈಲು ಕೈಗೆ ಸಿಕ್ಕಿದ್ದು ಅರ್ಧ ಗಂಟೆಯ ಮೇಲೆ. ಅದರಲ್ಲಿ ಹೊನ್ನಪ್ಪನಿಗೆ ಕೊಟ್ಟ ಬದಲಿ ಕೆಲಸ ಬರೆದಿತ್ತು: ಹಳೆಯ ದಾಖಲೆಗಳ ಕೋಣೆಯಲ್ಲಿ ಫೈಲು ಹೊಂದಿಸಿಡುವುದು, ಬಿಬಿಡಿ ಬಾಗ್, ವಿಶ್ವನಾಥನದೇ ಕಟ್ಟಡದ ನೆಲಮಾಳಿಗೆ. ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಬಸು ಕಾರಿಡಾರಿನಲ್ಲೇ ಅಪ್ಪನ ಅಂಗಿ ಹಿಡಿದ.

"ಏನ್ ಮಾಡಿದಿ? ಏನ್ ಮಾಡಿದ್ಯೋ ಮುದುಕಾ? ಕಣ್ಣ ಹೋಗಿದ್ವೇನು ನಿನಗ?"

ಜನ ಕೂಡಿದರು. ಹೊನ್ನಪ್ಪ ಮಗನ ಬಾಯಿಯನ್ನೇ ನೋಡುತ್ತ, ಕಿವಿಯ ಹತ್ತಿರ ಕೈಯಾಡಿಸಿ, ಕೇಳಿಸುವುದಿಲ್ಲ ಎಂದು ಸನ್ನೆ ಮಾಡಿದ. "ಇವಗ ಎಲ್ಲಾ ಕೇಳಸ್ತದ!" ಎಂದು ಬಸು ಕಿರುಚಿದ. ವಿಶ್ವನಾಥ ಅವನ ಬಾಯಿ ಮುಚ್ಚಿ ಎಳೆದುಕೊಂಡು ಹೋದ. ಆ ಮಾತು ಕಚೇರಿಯಲ್ಲಿ ಯಾರಾದರೂ ನಂಬಿದರೆ ಮೊದಲು ಹೋಗುವುದು ಅಪ್ಪನ ಕೆಲಸ, ಅದರ ಹಿಂದೆಯೇ ವಿಶ್ವನಾಥನದು.

ಐದು ದಿನ ಆ ಮನೆಯಲ್ಲಿ ನಡೆದದ್ದನ್ನು ಕಾಲೊನಿಯೆಲ್ಲ ಕೇಳಿತು, ಹೊನ್ನಪ್ಪನೊಬ್ಬನನ್ನು ಬಿಟ್ಟು. ಚನ್ನಮ್ಮ ಬೈದಳು, ಎದೆ ಬಡಿದುಕೊಂಡಳು, ಒಂದು ದಿನ ಪೂರ್ತಿ ಉಪವಾಸ ಮಲಗಿದಳು. ಇನ್ನೊಂದು ಅರ್ಜಿ ಬರೆದುಕೊಡು ಎಂದು ಕಾಗದ ತಂದು ಮುಂದಿಟ್ಟರೆ ಅವನು ಅದನ್ನು ನೀಟಾಗಿ ಮಡಚಿ ಪೇಪರಿನ ಕೆಳಗಿಡುತ್ತಿದ್ದ. ಅಕ್ಷರಾ ಹಿಂದೆ ನಿಂತು ತಟ್ಟೆ ಬೀಳಿಸಿದಳು, ಅತ್ತಳು, "ಅಪ್ಪಾ, ಸಾರಿ, ಐಯಾಮ್ ಸಾರಿ," ಎಂದಳು. ಈ ಸಲ ಅದು ಪರೀಕ್ಷೆಯೋ ನಿಜವೋ ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಅವನು ತಿರುಗಲೂ ಇಲ್ಲ. ಶೆಡ್ಡಿಗೆ ಕೊನೆಯ ಸಲ ಹೋಗಿ ಸುತ್ತಿಗೆಯನ್ನು ಶಿಬುವಿನ ಕೈಗೆ ಕೊಟ್ಟು ಬಂದ. ಬರುವಾಗ ಗೇಟಿನ ಹತ್ತಿರ ನಿಂತು ಒಬ್ಬನೇ ಅತ್ತ.

ಒಂಬತ್ತನೆಯ ತಾರೀಕು, ಐವತ್ತೈದು ತುಂಬಲು ಒಂದೇ ದಿನ ಉಳಿದಿರುವಾಗ, ಬಸು ಊಟದ ಹೊತ್ತಿಗೆ ಬಂದು ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಕೂಗಲಿಲ್ಲ. ಗಡ್ಡ ಬೆಳೆದಿತ್ತು. ಅಂಗಡಿಯ ಕೆಲಸವನ್ನು ನೌಕರಿಯ ಭರವಸೆಯ ಮೇಲೆ ಹಿಂದಿನ ವಾರವೇ ಬಿಟ್ಟಿದ್ದ.

"ಅಪ್ಪಾ," ಎಂದ, ಗಾಜಿನ ಕೋಣೆಯ ಸದ್ದಿನಷ್ಟೇ ಮೆಲ್ಲಗೆ. "ನಾ ಗಾಲಿ ಬಡೀತೇನಿ. ಒಂದೊಂದೂ ಬಡೀತೇನಿ. ನೀ ಕಲಿಸಿದಂಗ. ಹುಡುಗಿ ಫೋಟೋ ಬಂದೈತಿ, ನೋಡಿಯೇನು? ನಾಳೆ ಅನ್ನೂದ್ರಾಗ ಒಂದ ಅರ್ಜಿ ಬರದ ಕೊಡು. ನನಗ ಬ್ಯಾರೆ ಏನೂ ಬರಂಗಿಲ್ಲಪ್ಪಾ. ನಿನಗ ಗೊತ್ತೈತಿ, ನನಗ ಏನೂ ಬರಂಗಿಲ್ಲ."

ಚನ್ನಮ್ಮ ಲಟ್ಟಣಿಗೆ ಹಿಡಿದ ಕೈಯನ್ನು ನಿಲ್ಲಿಸಿದಳು. ಮಗ ಇಷ್ಟು ನಿಜ ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಹೊನ್ನಪ್ಪನಿಗೂ ಒಂದೊಂದು ಅಕ್ಷರವೂ ಕೇಳಿಸಿತು. ಬಾಯಿಯೊಳಗಿನ ತುತ್ತನ್ನು ಅಗಿದು ನುಂಗಿದ.

ಆಮೇಲೆ ಕಿವುಡರು ಮಾತಾಡುವಷ್ಟು ಗಟ್ಟಿಯಾಗಿ, ಹೆಂಡತಿಯ ಕಡೆ ತಟ್ಟೆ ನೂಕಿ, "ಇನ್ನೊಂದು ಚಪಾತಿ ಹಾಕು," ಎಂದ.